ಮಾರಿ ಇಲ್ಲದ ಚೀನೀ ಸಾಹೇಬರು

ಐನಾಪುರದ ಪೇಂಟರ್ ಮಾಳಸಿದ್ದನ ಕೈಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ದೇವರನ್ನು ಬರೆ ಅಂದರೂ, ದೆವ್ವವನ್ನು ಬರೆ ಅಂದರೂ ಕಡೆಗೆ ಅಲ್ಲಿ ಬಂದು ಕೂರುತ್ತಿದ್ದುದು ಊರಿನವರದೇ ಒಂದು ಮುಖ. ಗುಡಿಯ ಮಾರುತಿಗೆ ಹಿಟ್ಟಿನ ಗಿರಣಿಯವನ ದವಡೆ. ಹಲ್ಲುಪುಡಿ ಜಾಹೀರಾತಿನಲ್ಲಿ ನಗುವ ಹೆಂಗಸಿಗೆ ಸೂಲಗಿತ್ತಿ ಭೀಮಾಬಾಯಿಯ ಬೊಚ್ಚುಬಾಯಿ. ಯಾಕೋ ಹೀಗೆ ಮಾಡಿದೆ ಅಂತ ಕೇಳಿದರೆ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು, "ನಾ ಎಲ್ಲಿ ಮಾಡೀನ್ರಿ, ಬಣ್ಣ ಹಂಗ ಹರದೈತಿ" ಅನ್ನುತ್ತಿದ್ದ. ಶುದ್ಧ ಸುಳ್ಳು. ಬೇಕಂತಲೇ ಮಾಡುತ್ತಿದ್ದ, ಮಾಡಿ ನಾಲ್ಕು ದಿನ ಒಳಗೊಳಗೇ ನಗುತ್ತಿದ್ದ.

ಈ ವಿದ್ಯೆ ಅವನಿಗೆ ಬಂದದ್ದು ಕುರಿಗಳಿಂದ. ಅಪ್ಪ ಜಕ್ಕಪ್ಪನದು ಕುರಿಗಾರರ ಮನೆತನ, ಊರವರ ಕುರಿಗಳನ್ನೂ ಕಾಯುತ್ತಿದ್ದ. ಕುರಿಗಳೆಲ್ಲ ಒಂದೇ ಥರ ಅಂತ ನಾವು ನೀವು ತಿಳಿದಿದ್ದೇವೆ, ಕುರಿಗಾರನಿಗೆ ಹಾಗಲ್ಲ. ಹಿಂಡಿನಲ್ಲಿ ಯಾವುದು ಸಿಡುಕು, ಯಾವುದು ಹೊಟ್ಟೆಬಾಕ, ಯಾವುದು ತಪ್ಪು ಮಾಡಿ ಸಾಧುವಿನಂತೆ ನಿಲ್ಲುತ್ತದೆ ಎಂದು ಅವನಿಗೆ ಗೊತ್ತು. ಬೇರೆಯವರ ಕುರಿ ತಮ್ಮ ಕುರಿ ಕಲೆತಾವು ಎಂದು ಬೆನ್ನಿನ ಮೇಲೆ ಕೆಂಪು ಬಣ್ಣದ ಗುರುತು ಹಾಕುವ ರೂಢಿಯಿತ್ತು. ಎಲ್ಲರೂ ಒಂದು ಗೆರೆ ಎಳೆದು ಬಿಡುತ್ತಿದ್ದರು. ಹುಡುಗ ಮಾಳಸಿದ್ದ ಮಾತ್ರ ಕುರಿಯ ಬೆನ್ನ ಮೇಲೆ ಅದರ ಮಾಲೀಕನ ಮೀಸೆ ಬರೆಯುತ್ತಿದ್ದ. ಮಾಲೀಕರು ಬಂದು ಜಗಳ ತೆಗೆದರು. ಜಕ್ಕಪ್ಪ ಬೇಸತ್ತು, "ಈ ಕೈಗೆ ಕುರಿ ಕಾಯೂ ಕೋಲು ತರವಲ್ಲ" ಎಂದು ಮಗನನ್ನು ಮಿರಜಿಗೆ ಕರೆದೊಯ್ದು ಬೋರ್ಡು ಬರೆಯುವವನೊಬ್ಬನ ಕೈಕೆಳಗೆ ಬಿಟ್ಟ.

ಮಾಳಸಿದ್ದನ ಹೆಂಡತಿ ತಾರವ್ವ. ತವರು ನಿಪ್ಪಾಣಿ ಕಡೆಯ ಭೋಜ. ಎತ್ತರದ ಹೆಂಗಸು, ಮಾತು ಕಡಿಮೆ, ಆಡಿದರೆ ಅದು ಕಲ್ಲಿನ ಮೇಲೆ ಕೊರೆದ ಹಾಗೆ. ಗಂಡನ ಚೇಷ್ಟೆಗೆ ಅವಳೂ ಮರೆಯಲ್ಲಿ ಸೆರಗು ಬಾಯಿಗಿಟ್ಟು ನಕ್ಕವಳೇ. ಆದರೆ ಎಂಬತ್ತನಾಲ್ಕರಲ್ಲಿ ಊರ ಹುಡುಗರು ನಾಟಕ ಆಡಿದಾಗ ನಗು ಮುಗಿಯಿತು. ಯಮಲೋಕದ ಪರದೆ ಬರೆದವನು ಮಾಳಸಿದ್ದ. ಯಮನ ಮುಖವನ್ನು ಸುಮ್ಮನೆ ಬಿಟ್ಟಿದ್ದ, ಅದು ನಿಜ. ಕೋಣದ್ದನ್ನು ಬಿಟ್ಟಿರಲಿಲ್ಲ. ಪರದೆ ಮೇಲೆದ್ದಾಗ ಮುಂದಿನ ಸಾಲಿನಲ್ಲಿ ಕಬ್ಬಿನ ಜಮೀನುದಾರ ವಿರುಪಾಕ್ಷಪ್ಪ ಗೌಡರು ತಮ್ಮ ಹೊಸ ಬೀಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆ ಅಡಿಕೆ ಜಗಿಯುತ್ತಿದ್ದರು. ಬೀಗರು ಕೋಣವನ್ನು ನೋಡಿದರು, ಗೌಡರನ್ನು ನೋಡಿದರು, ಮತ್ತೆ ಕೋಣವನ್ನು ನೋಡಿ, "ಇದನ್ನ ಎಲ್ಲೋ ನೋಡಿದಂಗ ಐತೆಲ್ರಿ" ಅಂದರು. ಹಿಂದೆ ಕೂತ ಜನ ನಕ್ಕ ನಗೆಗೆ ನಾಟಕ ಅಲ್ಲೇ ನಿಂತಿತು.

ಗೌಡರ ಆಳುಗಳು ಮಾಳಸಿದ್ದನಿಗೆ ಕೊಟ್ಟ ಪೆಟ್ಟು ವಾರದಲ್ಲಿ ಮಾಯಿತು. ತಾರವ್ವನಿಗೆ ಬಿದ್ದದ್ದು ಮಾಯಲಿಲ್ಲ. ಗೌಡರ ಮನೆಯಲ್ಲಿ ಮಗಳಿಗೆ ಅರಿಷಿನ ಹಚ್ಚುವ ದಿನ ಊರ ಹೆಂಗಸರಿಗೆಲ್ಲ ಕರೆ ಬಂತು, ಇವಳನ್ನು ಬಿಟ್ಟರು. ಸೋಬಾನೆ ಹಾಡಲು ಅವಳಷ್ಟು ಚೆನ್ನಾದ ದನಿ ಊರಲ್ಲಿ ಇನ್ನೊಂದಿರಲಿಲ್ಲ. ಹಾಡಿನ ಸದ್ದು ಓಣಿ ದಾಟಿ ಮನೆಯೊಳಗೆ ಬರುತ್ತಿದ್ದಾಗ ಅವಳು ಟ್ರಂಕಿಗೆ ಸೀರೆ ತುಂಬಿಕೊಂಡು ಭೋಜಕ್ಕೆ ಹೊರಟುಹೋದಳು.

ಅವಳಿಲ್ಲದ ಮನೆಯಲ್ಲಿ ಮಾಳಸಿದ್ದ ಸುಟ್ಟ ರೊಟ್ಟಿ ತಿಂದ, ಹಸಿ ರೊಟ್ಟಿ ತಿಂದ, ಕಡೆಗೆ ಎಮ್ಮೆಯ ಕುತ್ತಿಗೆಗೆ ಒರಗಿ ಅತ್ತ. ನಾಚಿಕೆ ಬಿಟ್ಟು ಭೋಜಕ್ಕೆ ಹೋಗಿ ಅತ್ತೆಮನೆಯ ಕಟ್ಟೆಯ ಮೇಲೆ ಕೂತ. ತಾರವ್ವ ಹೊಸ್ತಿಲಲ್ಲಿ ನಿಂತೇ ಮಾತಾಡಿದಳು.

"ಮಂಗಸೂಳಿ ಮಲ್ಲಯ್ಯನ ಮುಂದ ಭಂಡಾರ ಎತ್ತತೀರೇನು?"

"ಎತ್ತತೇನಿ."

ಭಂಡಾರ ಎಂದರೆ ಮಲ್ಲಯ್ಯನ ಅರಿಷಿನ. ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತನ್ನು ನಮ್ಮ ಕಡೆ ಯಾರೂ ಮೀರುವುದಿಲ್ಲ. ಕೋರ್ಟಿನಲ್ಲಿ ಹತ್ತು ಸುಳ್ಳು ಹೇಳಿ ಬಂದವನೂ ಅಲ್ಲಿ ಬಾಯಿ ಬಿಡಲು ಅಂಜುತ್ತಾನೆ. ಮಂಗಸೂಳಿಯ ಗುಡಿಯಲ್ಲಿ ಮಾಳಸಿದ್ದ ಅರಿಷಿನ ಹಿಡಿದು, "ಇನ್ನ ಮ್ಯಾಲ ಊರ ಮಂದಿ ಮಾರಿ ತಗಿಯಾಂಗಿಲ್ಲ" ಅಂದ. ಮಾರಿ ಎಂದರೆ ನಮ್ಮ ಕಡೆ ಮುಖ. ತಾರವ್ವನೂ ಅದೇ ಅರಿಷಿನ ಮುಟ್ಟಿ, "ತಗದ್ರ ನಾ ಭೋಜಕ್ಕ ಹೋದಾಕಿ ಹೋದಾಕಿನ. ಕರಿಯಾಕ ಬಂದ್ರೂ ಬರಾಂಗಿಲ್ಲ" ಅಂದಳು.

ಅಲ್ಲಿಂದ ಮಾಳಸಿದ್ದ ಸಾಧುವಾದ. ಟ್ರ್ಯಾಕ್ಟರಿನ ಟ್ರೇಲಿಗೆ ಹೆಸರು, ಟೆಂಪೋಕ್ಕೆ ನಂಬರು, ಹಬ್ಬದಲ್ಲಿ ಎತ್ತಿನ ಕೋಡಿಗೆ ಬಣ್ಣ. ದೇವರ ಚಿತ್ರವನ್ನೂ ಬಿಟ್ಟ, ಯಾಕೆಂದರೆ ಒಮ್ಮೆ ಗಣಪತಿ ಬರೆಯುತ್ತಿದ್ದಾಗ ಸೊಂಡಿಲಿನ ಮೇಲಿನ ಕಣ್ಣು ಡೇರಿಯ ಅಣ್ಣಾಸಾಬನ ಕಣ್ಣಿನಂತೆ ಆಗತೊಡಗಿದ್ದನ್ನು ಕಂಡು ಕುಂಚ ತೊಳೆದಿಟ್ಟಿದ್ದ. ನಾಲ್ಕು ವರ್ಷ ಹೀಗೆ ಬಾಳಿದ. ಮನುಷ್ಯ ಸೊರಗಿದ, ಚಹಾದಂಗಡಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದ. ತಾರವ್ವನಿಗೆ ಪಾಪ ಅನ್ನಿಸುತ್ತಿತ್ತು, ಹೇಳುತ್ತಿರಲಿಲ್ಲ.

ಎಂಬತ್ತೆಂಟರ ಬೇಸಿಗೆಯಲ್ಲಿ ಜ್ಞಾನದೇವ ಬಂದ. ಇದೇ ಊರಿನವ, ಮಿರಜಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ. ಕೊಲ್ಲಾಪುರದ ಹೋಟೆಲಿನವರೊಬ್ಬರು ಚೀನೀ ಊಟದ ಬೇರೆ ಕೋಣೆ ಶುರು ಮಾಡುವವರಿದ್ದರು. ಗೋಡೆಗೆ ಚೀನಾದ್ದೇ ಚಿತ್ರ ಬೇಕು, ಅದೂ ಕೈಯಲ್ಲಿ ಬರೆದದ್ದು. ಮುಂಬಯಿಯ ಹಳೇ ಪುಸ್ತಕದ ಅಂಗಡಿಯಿಂದ ತಂದ ಬಣ್ಣದ ಹಾಳೆಗಳನ್ನು ಜ್ಞಾನದೇವ ಚಾಪೆಯ ಮೇಲೆ ಹರಡಿದ. ರಾಜರಿದ್ದ ಕಾಲದಲ್ಲಿ ಚೀನಾ ದೇಶದ ಅಧಿಕಾರಿಗಳು ದರಬಾರಿಗೆ ತೊಟ್ಟು ಹೋಗುತ್ತಿದ್ದ ಪೋಷಾಕು. ಕಡುನೀಲಿ ನಿಲುವಂಗಿ, ಉದ್ದನೆ ತೋಳು. ಎದೆಯ ಮೇಲೆ ಒಂದು ಚೌಕ, ಚೌಕದಲ್ಲಿ ಸಮುದ್ರದ ತೆರೆ, ತೆರೆಯ ಮೇಲೆ ಒಂದು ಹಕ್ಕಿ, ಮೂಲೆಯಲ್ಲಿ ಕೆಂಪು ಸೂರ್ಯ.

"ಈ ಹಕ್ಕಿ ಅಂದ್ರನ ಅವರ ಹುದ್ದೆ, ಮಾಳಸಿದ್ದಣ್ಣಾ," ಎಂದು ಜ್ಞಾನದೇವ ಹಾಳೆಯ ಕೆಳಗಿನ ಇಂಗ್ಲಿಷ್ ಓದಿ ಹೇಳಿದ. "ಕೊಕ್ಕರಿ ಇದ್ದಾಂವ ಎಲ್ಲಾರಕಿಂತ ದೊಡ್ಡಾಂವ. ಎರಡನೇದಾಂವಗ ಬಂಗಾರದ ಕಾಡಕೋಳಿ. ಮೂರನೇದಾಂವಗ ನವಿಲ. ಹಿಂಗ ಇಳಕೊಂತ ಹೋದ್ರ ಎಂಟನೇದಾಂವಗ ಲಾವಕ್ಕಿ. ಇವರೆಲ್ಲ ಕಚೇರಿಯವರು. ದಂಡಿನವರಿಗೆ ಹಕ್ಕಿ ಇಲ್ಲ, ಮೃಗ. ಸಿಂಹ, ಹುಲಿ, ಕರಡಿ."

ತಾರವ್ವ ಒಳಗಿನಿಂದ ಬಂದು ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ಮಾರಿ ಎಲ್ಲಿ ಅದಾವು?"

"ಮಾರಿ ಇಲ್ಲ ವೈನಿ. ಬರೇ ಅಂಗಿ ಬರದಾರ. ಟೊಪಗಿ ಬ್ಯಾರೆ ಹಾಳ್ಯಾಗ ಅದಾವು."

"ಹಂಗಾರ ಮಾಡ್ರಿ," ಅಂದಳು ಗಂಡನಿಗೆ. ಪಾಪದ ಗಂಡಸು ಒಂದಿಷ್ಟು ಬಣ್ಣದೊಳಗೆ ಆಡಿಕೊಳ್ಳಲಿ, ಮುಖವೇ ಇಲ್ಲವಲ್ಲ ಎಂದು ಅವಳ ಲೆಕ್ಕ.

ಮೊದಲಿನ ಎರಡು ಚಿತ್ರ, ಕೊಕ್ಕರೆಯದು ಮತ್ತು ನವಿಲಿನದು, ಮಾಳಸಿದ್ದ ಬಹಳ ನಿಯತ್ತಿನಿಂದ ಮಾಡಿದ. ತೆರೆಯ ಒಂದೊಂದು ಗೆರೆಯನ್ನೂ ಅಳಿಲಿನ ಕೂದಲಿನ ಕುಂಚದಿಂದ ಎಳೆದ. ಹಕ್ಕಿಯ ಕತ್ತು ಸೂರ್ಯನ ಕಡೆಗೇ ತಿರುಗಿರಬೇಕೆಂದು ಜ್ಞಾನದೇವ ಹೇಳಿದ್ದನ್ನು ಎಲ್ಲೂ ತಪ್ಪಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಎಂಟನೇ ದರ್ಜೆಯ ಲಾವಕ್ಕಿಯ ಅಂಗಿ ಬರೆಯುವಾಗ ಅದರ ಹೊಟ್ಟೆ ಯಾಕೋ ಸ್ವಲ್ಪ ಮುಂದೆ ಬಂತು. ಮಾಳಸಿದ್ದ ಅದನ್ನು ನೋಡಿದ. ಇನ್ನೊಂದಿಷ್ಟು ಮುಂದೆ ತಂದ. ಬಲತೋಳನ್ನು ಬೆನ್ನ ಹಿಂದೆ ಕಳಿಸಿದ. ಮೇಲಿನಿಂದ ಮೂರನೆಯ ಗುಂಡಿ ಬಿಚ್ಚಿದ. ಅಲ್ಲಿಗೆ ವಿರುಪಾಕ್ಷಪ್ಪ ಗೌಡರು ಚೀನಾ ದೇಶದ ಎಂಟನೇ ದರ್ಜೆಯ ಕಾರಕೂನರಾಗಿ ನಿಂತುಬಿಟ್ಟರು.

ಮಾಳಸಿದ್ದ ಹಾಳೆ ಮಗುಚಿ ಹಾಕಿ ಹೊರಗೆ ಹೋಗಿ ನೀರು ಕುಡಿದು ಬಂದ. ಮತ್ತೆ ತಿರುವಿ ನೋಡಿದ. ಮುಖ ಎಲ್ಲಿದೆ? ಇಲ್ಲ. ತಾನು ಅರಿಷಿನ ಹಿಡಿದು ಮಾತು ಕೊಟ್ಟದ್ದು ಮಾರಿಯ ಬಗ್ಗೆ, ಹೊಟ್ಟೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಮಲ್ಲಯ್ಯನೂ ಕುರಿಗಾರರ ದೇವರೇ, ಅವನಿಗೆ ಇಷ್ಟೂ ತಿಳಿಯದೇ?

ಇನ್ನು ಕೇಳಬೇಕೇ. ಕುರಿಗಾರ ಯಾವತ್ತೂ ಹಿಂಡಿನ ಹಿಂದೆ ನಡೆಯುವವನು. ಕುರಿಯ ಮುಖ ಅವನಿಗೆ ಕಾಣುವುದು ಯಾವಾಗಲೋ ಒಮ್ಮೆ, ದಿನವಿಡೀ ಕಾಣುವುದು ಅದರ ಬೆನ್ನು, ನಡಿಗೆ, ಗತ್ತು. ಮಾಳಸಿದ್ದನಿಗೆ ಊರನ್ನು ಗುರುತಿಸಲು ಮುಖ ಬೇಕಾಗಿಯೇ ಇರಲಿಲ್ಲ. ದ್ರಾಕ್ಷಿ ತೋಟದ ಮುರಗೆಪ್ಪ ಎರಡನೇ ದರ್ಜೆಯಾದ, ಬಂಗಾರದ ಕಾಡುಕೋಳಿಯ ಕೆಳಗೆ ಎರಡೂ ತೋಳುಗಳನ್ನು ಎದೆಗೆ ಅವುಚಿಕೊಂಡು, ಬಂದ ಬೀಗರು ಒಂದು ಗೊಂಚಲು ಕೇಳಿಯಾರೆಂದು ಬಚ್ಚಿಟ್ಟುಕೊಂಡ ಹಾಗೆ. ಅಣ್ಣಾಸಾಬ ಬೆಳ್ಳಕ್ಕಿಯಾದ, ಒಂದು ಭುಜ ಮೇಲೆ ಒಂದು ಕೆಳಗೆ, ಹಾಲಿನ ಕ್ಯಾನು ಹೊತ್ತು ಹೊತ್ತು ಹಾಗಾದದ್ದು. ತಾರವ್ವನ ಹೆಜ್ಜೆಯ ಸದ್ದು ಕೇಳಿದ ಕೂಡಲೇ ಹಾಳೆ ಮಗುಚಿ ಬೀಳುತ್ತಿತ್ತು.

ಕಡೆಗೆ ಉಳಿದದ್ದು ದಂಡಿನವರದೊಂದು, ಸಿಂಹದ ಅಂಗಿ. ಅದನ್ನು ಬರೆಯುವಾಗ ಮಾತ್ರ ಮಾಳಸಿದ್ದ ನಗಲಿಲ್ಲ. ಬಹಳ ಹೊತ್ತು ಕುಂಚ ಹಿಡಿದು ಕೂತಿದ್ದ.

ಜ್ಞಾನದೇವ ಚಿತ್ರ ಒಯ್ಯಲು ಬರುವ ದಿನ ತಾರವ್ವ ಎಮ್ಮೆಗೆ ಹಿಂಡಿ ತರಲು ಕಾಗವಾಡಕ್ಕೆ ಹೋಗಿದ್ದಳು. ಇದೇ ಹೊತ್ತೆಂದು ಮಾಳಸಿದ್ದ ಅಂಗಳದಲ್ಲಿ ಹಗ್ಗ ಕಟ್ಟಿ ಎಲ್ಲವನ್ನೂ ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ತೂಗುಬಿಟ್ಟ. ಮುರಗೆಪ್ಪ ತನ್ನ ಟೆಂಪೋದ ನಂಬರು ಬರೆಸಲು ಬಂದವನು ಹಗ್ಗದ ಮುಂದೆ ನಿಂತ. ಎಂಟನೆಯದನ್ನು ನೋಡಿ ಅವನ ಮೀಸೆ ಅಲುಗಾಡಿತು. "ಏನೋ ಮಾಳ್ಯಾ, ಈ ಹೊಟ್ಟಿ ನಮ್ಮೂರಿಂದು!" ಎಂದು ಓಡಿಹೋಗಿ ಚಹಾದಂಗಡಿಯಲ್ಲಿ ಹೇಳಿದ. ಅಷ್ಟೇ ಸಾಕಾಯಿತು. ಅರ್ಧ ಊರು ಅಂಗಳಕ್ಕೆ ಬಂತು. ಜ್ಞಾನದೇವನೂ ಅಷ್ಟರಲ್ಲಿ ಬಂದವನು, ಜನ ಕೇಳಿದರೆಂದು ಉಬ್ಬಿ, ಯಾವ ಹಕ್ಕಿಗೆ ಯಾವ ದರ್ಜೆ ಎಂದು ಎಲ್ಲರಿಗೂ ಪಾಠ ಹೇಳಿದ. ಮೂರ್ಖ.

ಕಡೆಗೆ ವಿರುಪಾಕ್ಷಪ್ಪ ಗೌಡರೇ ಬಂದರು. ಜನ ದಾರಿ ಬಿಟ್ಟರು. ಗೌಡರು ಹೊಟ್ಟೆಯ ಮುಂದೆ ಹೊಟ್ಟೆ ತಂದು ನಿಲ್ಲಿಸಿ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಅವರ ಕೈ ತಾನಾಗಿಯೇ ತಮ್ಮ ಅಂಗಿಯ ಮೂರನೇ ಗುಂಡಿಗೆ ಹೋಯಿತು. ಇನ್ನೇನು ಪೆಟ್ಟು ಬಿತ್ತೆಂದು ಮಾಳಸಿದ್ದ ಬೆನ್ನು ಸಡಿಲ ಬಿಟ್ಟು ನಿಂತ.

"ಇದು ಎಷ್ಟನೇ ದರ್ಜೇದು?" ಎಂದು ಕೇಳಿದರು ಗೌಡರು.

"ಎಂಟನೇದ್ರಿ," ಅಂದ ಜ್ಞಾನದೇವ.

"ಮತ್ತ ಆ ಕೈ ಮುಚಗೊಂಡ ನಿಂತದ್ದು?"

"ಎರಡನೇದ್ರಿ."

ಗೌಡರ ಮುಖ ಕೆಂಪಾಯಿತು. "ಮುರಗ್ಯಾ ಎರಡು, ನಾ ಎಂಟು? ಯಾವ ನ್ಯಾಯಲೇ ಇದು?"

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಲಗ್ನದಲ್ಲಿ ಹಿರಿಯರ ತಲೆಗೆ ಮಾನದ ಪಟಕಾ, ಅಂದರೆ ಪೇಟ, ಕಟ್ಟುತ್ತಾರೆ. ಯಾರಿಗೆ ಮೊದಲು ಕಟ್ಟಿದರೋ ಅವನು ದೊಡ್ಡವನು. ಗೌಡರಿಗೂ ಮುರಗೆಪ್ಪನಿಗೂ ಈ ಪಟಕಾದ ಮೇಲಿನ ಜಗಳದಲ್ಲಿ ಊರಿನ ಎಷ್ಟೋ ಮುಹೂರ್ತಗಳು ಮೀರಿ ಹೋಗಿದ್ದವು. ಒಬ್ಬ ಜಾಣ ಬೀಗ ಪಟಕಾ ಕಟ್ಟುವವರನ್ನೇ ಇಬ್ಬರನ್ನು ಕರೆಸಿ, ಇಬ್ಬರಿಗೂ ಒಂದೇ ಸಲ ಸುತ್ತಿಸಿದ. ಆಮೇಲೆ ಯಾರದು ಮೊದಲು ಮುಗಿಯಿತೆಂದು ಜಗಳವಾಯಿತು. ಇಂಥವರ ಮುಂದೆ ಹುದ್ದೆಯನ್ನು ಹಕ್ಕಿ ಬರೆದು ಹಗ್ಗಕ್ಕೆ ತೂಗುಹಾಕಿದರೆ ಆಗುವುದೇನು? ಹೊಟ್ಟೆ ಬರೆದದ್ದಕ್ಕೆ ಗೌಡರಿಗೆ ಸಿಟ್ಟಿರಲಿಲ್ಲ. ಕೋಣವಾದದ್ದನ್ನೂ ಮರೆತಂತಿತ್ತು. ಮುರಗೆಪ್ಪನಿಗಿಂತ ಆರು ಮೆಟ್ಟಿಲು ಕೆಳಗೆ ನಿಂತದ್ದನ್ನು ಸಹಿಸಲಾಗಲಿಲ್ಲ.

"ಚೀನಾದವರ್ರಿ ಗೌಡ್ರ, ಇವರ್ಯಾರೂ ನಮ್ಮವರಲ್ಲ," ಎಂದು ಮಾಳಸಿದ್ದ ತೊದಲಿದ.

"ಭಂಡಾರ ಎತ್ತಿ ಮತ್ತ ಅದನ್ನ ಮಾಡೀಯಲ್ಲ! ನಿನ್ನ ಹೇಣ್ತಿ ಬರಲಿ. ಆಕಿನೇ ಹೇಳಲಿ."

ಹೇಳಿ ಮುಗಿಸುವುದರೊಳಗೆ ತಾರವ್ವ ಹಿಂಡಿಯ ಚೀಲ ಹೊತ್ತು ಅಂಗಳಕ್ಕೆ ಬಂದಳು. ಗದ್ದಲವೆಲ್ಲ ಇಳಿಯಿತು. ಮಾಳಸಿದ್ದನಿಗೆ ಅವಳ ಮುಖ ನೋಡುವ ಧೈರ್ಯವಿಲ್ಲ, ಅವನ ಕಣ್ಣು ಒಳಕೋಣೆಯ ಅಟ್ಟದ ಮೇಲಿದ್ದ ಟ್ರಂಕಿನ ಕಡೆಗೇ ಹೋಗುತ್ತಿತ್ತು. ಇವಳು ಹೌದೆಂದರೆ ಸಂಜೆಯ ಬಸ್ಸಿಗೆ ಭೋಜ. ಹೋದವಳು ಬರುವುದಿಲ್ಲ, ಅದರಲ್ಲಿ ಅನುಮಾನವೇ ಇಲ್ಲ. ನಾಲ್ಕು ವರ್ಷದ ಸಾಧುತನವನ್ನು ಒಂದು ಹೊಟ್ಟೆಗಾಗಿ ಕಳೆದುಕೊಂಡೆನಲ್ಲ ಎಂದು ಅವನಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕೆನಿಸಿತು.

"ನೋಡ ತಾರವ್ವಾ," ಅಂದರು ಗೌಡರು, "ನಿನ್ನ ಗಂಡ ಊರ ಮಂದೀನ ಬರದಾನೋ ಇಲ್ಲೋ, ಮಲ್ಲಯ್ಯನ ಹೆಸರಲೆ ಹೇಳು."

ತಾರವ್ವ ಚೀಲ ಇಳಿಸಿ, ಸೆರಗು ಸರಿಮಾಡಿಕೊಂಡು, ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಪ್ರತಿಯೊಂದರ ಮುಂದೆ ನಿಂತಳು. ಕಾಡುಕೋಳಿಯ ಮುಂದೆ ಅವಳ ಕೆನ್ನೆ ಸ್ವಲ್ಪ ಒಳಕ್ಕೆ ಹೋಯಿತು. ಲಾವಕ್ಕಿಯ ಮುಂದೆ ಕೆಮ್ಮು ಬಂತು. ಕೊನೆಯ ಮೂಲೆಯಲ್ಲಿ ಸಿಂಹದ ಅಂಗಿ ತೂಗುತ್ತಿತ್ತು. ತಮ್ಮ ತಮ್ಮದನ್ನು ಹುಡುಕುವ ಗಡಿಬಿಡಿಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಅವಳು ಎಲ್ಲಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಂತಳು. ಆಮೇಲೆ ತಿರುಗಿದಳು.

"ಗೌಡ್ರ, ನಾ ಮಲ್ಲಯ್ಯನ ಹೆಸರು ಎತ್ತೂ ಮೊದಲ ನೀವ ಒಂದ ಮಾತು ಹೇಳ್ರಿ. ಇಲ್ಲಿ ಅಂಗಿ ಅದಾವು, ಒಂದರೆ ಮಾರಿ ಇಲ್ಲ. ಯಾವ ಅಂಗಿ ಯಾರದು ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಯಾರದೈತೋ ಅವರ ಕೈ ಎತ್ತರಿ. ಆ ಎಂಟನೇದು ಯಾರದ್ರಿ?"

ಯಾರೂ ಕೈ ಎತ್ತಲಿಲ್ಲ. ಗೌಡರು ತಮ್ಮ ಮೂರನೇ ಗುಂಡಿ ಹಾಕಿಕೊಂಡರು. ಸಿಟ್ಟಿನಲ್ಲಿ ಬಾಯಿ ಜಾರಿದ್ದು ಬೇರೆ, ಎಂಟನೆಯದು ತಮ್ಮದು ಎಂದು ಅರ್ಧ ಊರಿನ ಮುಂದೆ ಕೈ ಎತ್ತಿ ಒಪ್ಪಿಕೊಂಡರೆ ನಾಳೆ ಯಾವ ಲಗ್ನದಲ್ಲಿ ಯಾರು ತಮಗೆ ಮೊದಲು ಪಟಕಾ ಕಟ್ಟಿಯಾರು?

ಆದರೆ ಆಚೆ ಕಡೆ ಇನ್ನೊಂದು ಅನಾಹುತ ನಡೆಯುತ್ತಿತ್ತು. ಮುರಗೆಪ್ಪನ ಕೈ ಮೆಲ್ಲಗೆ ಮೇಲೇಳುತ್ತಿತ್ತು. ಎರಡನೇ ದರ್ಜೆ, ಬಂಗಾರದ ಹಕ್ಕಿ, ಅದೂ ಗೌಡರ ಎದುರಿಗೆ! ಇಂಥ ಮಾನ ಕೈ ಬಿಡುವುದುಂಟೇ? ಮಾಳಸಿದ್ದ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡ.

"ಮುರಗೆಪ್ಪ ಕಾಕಾ, ಅದು ನಿಮ್ಮದೇನ್ರಿ?" ತಾರವ್ವನ ದನಿಯಲ್ಲಿ ಬೆಣ್ಣೆ ಇತ್ತು. "ಹಂಗಾರ ಚಲೋ ಆತು ಬಿಡ್ರಿ. ಯಾರರೆ ಕೇಳಿದ್ರ ಕೊಡಬೇಕಾದೀತು ಅಂತ ಏನೋ ಬಗಲಾಗ ಮುಚ್ಚಿ ಹಿಡದಾನಲ್ಲ, ಇಂವ ಯಾವ ಊರ ಜುಗ್ಗ ಇದ್ದಾನು ಅಂತ ನಾ ಅನಕೋಳಾಕತ್ತಿದ್ದೆ."

ಮುರಗೆಪ್ಪನ ಕೈ ಅರ್ಧದಲ್ಲೇ ದಾರಿ ತಪ್ಪಿ ಗಾಂಧಿ ಟೊಪ್ಪಿಗೆಯನ್ನು ಸರಿಮಾಡಿ ಕೆಳಗಿಳಿಯಿತು. "ನನ್ನದ್ಯಾಕವ್ವ, ಚೀನಾದವಂದು," ಅಂದ. ಗೌಡರೂ ಗಂಟಲು ಸರಿಮಾಡಿಕೊಂಡು, "ಹೌದೌದು, ಚೀನಾ ಮಂದಿನೇ ಹಂಗ, ಹೊಟ್ಟಿ ಭಾಳ," ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜನ ಓಣಿಯ ತಿರುವಿನವರೆಗೆ ನಗು ತಡೆದುಕೊಂಡು ಹೋಗಿ, ಅಲ್ಲಿ ಬಿಟ್ಟರು. ಜ್ಞಾನದೇವ ಹಾಳೆಗಳನ್ನು ಸುತ್ತಿಕೊಂಡು ಮಿರಜಿನ ಬಸ್ಸಿಗೆ ಓಡಿದ. ಒಂದು ಕಡಿಮೆ ಇರುವುದು ಅವನಿಗೆ ಗೊತ್ತಾಗಲಿಲ್ಲ.

ಮಾಳಸಿದ್ದ ಒಳಗೆ ಬಂದಾಗ ತಾರವ್ವ ಒಲೆಯ ಮುಂದೆ ಕೂತಿದ್ದಳು. ಸಿಂಹದ ಹಾಳೆ ಅವಳ ಮಡಿಲಲ್ಲಿತ್ತು.

"ಎಲ್ಲಾರನ್ನೂ ಗುರುತ ಹಿಡದೇನಿ ನಾ," ಅಂದಳು ತಲೆಯೆತ್ತದೆ. "ಅಣ್ಣಾಸಾಬನ ಹೆಗಲ ಸೈತ. ಇದು ಯಾರು?"

ಆ ಅಂಗಿ ಎರಡೂ ತೋಳುಗಳನ್ನು ಮೊಣಕೈವರೆಗೆ ಮಡಚಿ ಸೊಂಟದ ಮೇಲೆ ಇಟ್ಟುಕೊಂಡಿತ್ತು. ಚೀನಾದ ಯಾವ ಸರದಾರನೂ ಹಾಗೆ ನಿಂತಿರಲಾರ. ಅಂಗಿಯ ಅಂಚನ್ನು ಒಂದು ಬದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿತ್ತು, ಹೆಂಗಸರು ನೀರಿಗೆ ಹೊರಟಾಗ ಸೀರೆ ಸಿಕ್ಕಿಸುವ ಹಾಗೆ. ಹೊತ್ತು ಮೀರಿ ಬರುವ ಗಂಡನನ್ನು ಹೊಸ್ತಿಲಲ್ಲಿ ನಿಂತು ಕಾಯುವವಳು. ಎದೆಯ ಮೇಲಿನ ಸಿಂಹ ಸೂರ್ಯನನ್ನೇ ಗದರಿಸುತ್ತಿತ್ತು.

ಚೀನಾದವನೆಂದು ಹೇಳಿದರೆ ಪಾರಾಗಬಹುದಿತ್ತು. ಊರಿಗೆಲ್ಲ ಹೇಳಿದ ಸುಳ್ಳು ಇವಳ ಮುಂದೆ ಬಾಯಿಗೆ ಬರಲಿಲ್ಲ.

"ನೀನ," ಅಂದ. "ಟ್ರಂಕ ಇಳಸಲೇನು?"

ತಾರವ್ವ ಬೆರಳಿನಿಂದ ಚಿತ್ರದ ಸೊಂಟದ ಮೇಲಿನ ತೋಳನ್ನು ಮುಟ್ಟಿದಳು, ಕತ್ತಿನ ಮೇಲೆ ಖಾಲಿ ಉಳಿದ ಬಿಳಿ ಕಾಗದವನ್ನು ಮುಟ್ಟಿದಳು.

"ಮಾರಿ ಯಾಕ ತಗದಿಲ್ಲ?"

"ಭಂಡಾರ ಎತ್ತೀನಲ್ಲ."

"ಊರ ಮಂದಿ ಮಾರಿ ತಗೀಬ್ಯಾಡ್ರಿ ಅಂದಿದ್ದೆ." ಈಗ ಅವಳು ತಲೆಯೆತ್ತಿದಳು. ಕಣ್ಣು ತುಂಬಿತ್ತು, ಸಿಟ್ಟೂ ಅಷ್ಟೇ ಇತ್ತು. "ಭೀಮಾಬಾಯಿದು ತಗದ್ರಿ. ಗಿರಣಿಯವಂದು ತಗದ್ರಿ. ಕ್ವಾಣಕ್ಕ ಸೈತ ಮಾರಿ ಕೊಟ್ರಿ. ಇಷ್ಟ ವರ್ಷ ಆತು ಲಗ್ನಾಗಿ, ನನ್ನದೊಂದ ಯಾವತ್ತರೆ ತಗದೀರೇನು? ನಾ ಊರ ಮಂದಿಯೇನ್ರಿ?"

ಮಾಳಸಿದ್ದನಿಗೆ ಗೌಡರ ಆಳುಗಳು ಹೊಡೆದಾಗಲೂ ಇಷ್ಟು ತಗುಲಿರಲಿಲ್ಲ. ಹೌದಲ್ಲ ಅನ್ನಿಸಿತು. ಊರೆಲ್ಲ ನೋಡಿದ್ದ, ಹಗಲೂ ರಾತ್ರಿ ಎದುರಿಗಿದ್ದವಳನ್ನು ನೋಡಲು ಪುರಸೊತ್ತೇ ಆಗಿರಲಿಲ್ಲ.

ಬಣ್ಣದ ಬಟ್ಟಲು ತಂದು ಅವಳ ಎದುರಿಗೆ ಕೂತ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಚಹಾದಂಗಡಿಯಲ್ಲಿ ಒಂದು ಸಲ ಕಣ್ಣು ಹಾಯಿಸಿ ಯಾರ ಮೂಗನ್ನಾದರೂ ಎತ್ತಿಕೊಂಡು ಬರುತ್ತಿದ್ದವನು ಈಗ ನೋಡಿದ, ಮತ್ತೆ ನೋಡಿದ, ಕುಂಚ ಹಾಳೆಗೆ ಮುಟ್ಟಲೇ ಇಲ್ಲ. ಎಡ ಹುಬ್ಬಿನ ಕೆಳಗೆ ಒಂದು ಸಣ್ಣ ಗಾಯದ ಗುರುತಿತ್ತು. ಅದು ಯಾವಾಗ ಆದದ್ದು ಅಂತ ಅವನಿಗೆ ಗೊತ್ತಿರಲಿಲ್ಲ.

"ಲಗೂನ ತಗೀರಿ," ಅಂದಳು ತಾರವ್ವ, ಅಲುಗಾಡದೆ. "ಒಲಿ ಮ್ಯಾಲ ಪಲ್ಲೆ ಹೊತ್ತಾಕತ್ತೈತಿ."

"ಹೊತ್ತಲಿ ಬಿಡು," ಅಂದ ಮಾಳಸಿದ್ದ.